ಲಸ್ಕರ್ ಮಾವನ ನಲವತ್ತೆರಡು ಮೆಟ್ಟಿಲು

ಲಿಂಗಸುಗೂರು

ಇಟಲಿಗೆ ಹೋಗಿ ಆರು ತಿಂಗಳು ಇದ್ದು ಬಂದವನು ನಾನು. ಅಲ್ಲಿ ಏನೇನು ನೋಡಿದಿರಿ ಎಂದು ನಮ್ಮ ಹೈಸ್ಕೂಲಿನ ಮಾಸ್ತರರು ಚಹಾದ ಹೊತ್ತಿನಲ್ಲಿ ಇವತ್ತಿಗೂ ಕೇಳುತ್ತಾರೆ. ಒಂದು ಆಸ್ಪತ್ರೆಯ ಮೆಟ್ಟಿಲು ನೋಡಿದೆ ಎಂದರೆ ನಗುತ್ತಾರೆ. ವಾಲಿ ನಿಂತ ಗೋಪುರ ನೋಡಲಿಲ್ಲವೇ? ಇಲ್ಲ. ನೀರಿನ ಮೇಲಿನ ಊರು? ಅದೂ ಇಲ್ಲ. ಹಾಗಾದರೆ ಸುಮ್ಮನೆ ಯಾಕೆ ಹೋಗಿದ್ದಿರಿ ಎನ್ನುವವರಿಗಾಗಿ ಇದನ್ನು ಬರೆದಿಡುತ್ತಿದ್ದೇನೆ.

ಹೋದದ್ದು ನನ್ನ ಸೋದರಮಾವ ಹನುಮಂತಪ್ಪನ ಸಲುವಾಗಿ. ಊರವರಿಗೆಲ್ಲ ಅವನು ಲಸ್ಕರ್ ಮಾವ. ಲಸ್ಕರ್ ಎಂದರೆ ಕಾಲುವೆಯ ಕಾವಲುಗಾರ. ಗೇಟು ಎತ್ತುವುದು, ಇಳಿಸುವುದು, ದಿನಾ ಬೆಳಿಗ್ಗೆ ಗೇಜು ಕಲ್ಲಿನ ಮೇಲೆ ನೀರಿನ ಮಟ್ಟ ನೋಡಿ ಪುಸ್ತಕದಲ್ಲಿ ಬರೆಯುವುದು, ಇಷ್ಟು ಕೆಲಸ. ತುಂಗಭದ್ರೆಯ ನೀರು ಸಿಂಧನೂರಿನ ಕಡೆ ಬಂದ ಹೊಸದರಲ್ಲೇ ಸಾಲಗುಂದದ ಹತ್ತಿರದ ಗೇಜಿಗೆ ಅವನು ಬಂದು ಕೂತ. ಖಾಕಿ ಅಂಗಿ, ಹಿತ್ತಾಳೆ ಬಿಲ್ಲೆ, ತಿರುವಿದ ಮೀಸೆ. ಆ ಮೀಸೆಗೆ ಹೆದರಿ ಕಾಲುವೆಯೇ ನೇರವಾಗಿ ಹರಿಯುತ್ತದೆ ಎಂದು ನನ್ನ ಅವ್ವ ಹೇಳುತ್ತಿದ್ದಳು.

ಆ ಮಾವನ ಕುತ್ತಿಗೆಯಲ್ಲಿ ಗಂಟು ಎದ್ದಿತು. ಮೊದಲು ಗೋಲಿಯಷ್ಟು, ಆಮೇಲೆ ನಿಂಬೆಕಾಯಿಯಷ್ಟು. ಡಾಕ್ಟರರು ನನ್ನನ್ನು ಪಕ್ಕಕ್ಕೆ ಕರೆದು ಕಾಯಿಲೆಯ ಹೆಸರು ಹೇಳಿದರು. ನಮ್ಮಲ್ಲಿ ಆ ಹೆಸರನ್ನು ರೋಗಿಯ ಮುಂದೆ ಯಾರೂ ಎತ್ತುವುದಿಲ್ಲ. ಅತ್ತೆ ‘ಗಂಟು’ ಎಂದಳು, ನಾನು ‘ಏನೋ ಬಾವು’ ಎಂದೆ, ನೋಡಲು ಬಂದವರು ‘ಅದು’ ಎಂದರು. ಕೊನೆಗೆ ಮಾವನಿಗೇ ಸಾಕಾಯಿತು.

“ಏನ್ಲೇ ಮಾಸ್ತರಾ, ಕ್ಯಾನ್ಸರ್ ಅನ್ನಾಕ ಎಲ್ಲಾರ ನಾಲಿಗಿ ಯಾಕ ಹೊಳ್ಳವಲ್ದು? ನನಗ ಎಂದೋ ಗೊತ್ತೈತಿ. ಮುಂದೇನು ಅದನ್ನ ಹೇಳ್ರಿ.”

ಮುಂದೇನು ಎಂಬುದನ್ನು ಹೇಳಿದವನು ಕಾರ್ಲೋ. ಕಾಲುವೆ ನೀರಿನ ಅಭ್ಯಾಸಕ್ಕೆಂದು ಬಂದು ಸಿಂಧನೂರಿನ ಬಂಗಲೆಯಲ್ಲಿ ಬಹಳ ದಿನ ಉಳಿದಿದ್ದ ಇಟಲಿಯ ಎಂಜಿನಿಯರ್. ಒಮ್ಮೆ ಏರಿಯ ಮೇಲೆ ನಿಂತು ಎಮ್ಮೆಯ ಫೋಟೋ ತೆಗೆಯುತ್ತ ಹಿಂದೆ ಹಿಂದೆ ಸರಿದು ಕಾಲುವೆಗೆ ಬಿದ್ದಿದ್ದ. ಮಾವ ಗೇಟು ಇಳಿಸಿ, ರುಮಾಲು ಬಿಚ್ಚಿ ಎಸೆದು, ಅದನ್ನು ಹಿಡಿಸಿ ಎಳೆದುಕೊಂಡಿದ್ದ. ಕಾರ್ಲೋನ ತಂಗಿ ಮಿಲಾನ್ ಎಂಬ ಊರಿನಲ್ಲಿ ಕ್ಯಾನ್ಸರ್ ಡಾಕ್ಟರು. ಹೊಸದಾಗಿ ಬಂದ ಔಷಧಿಯೊಂದರ ಮೇಲೆ ಅವಳು ಸಂಶೋಧನೆ ನಡೆಸಿದ್ದಳು. ಕಾಗದ, ಟಿಕೆಟ್ಟು, ಪರವಾನಗಿ ಎಲ್ಲ ಕಾರ್ಲೋನೇ ನೋಡಿಕೊಂಡ. ನನಗೆ ಇಂಗ್ಲಿಷ್ ಬರುತ್ತದೆಂದು ಜೊತೆಗೆ ಹೊರಡಿಸಿದರು. ಇಟಲಿಯಲ್ಲಿ ಇಂಗ್ಲಿಷ್ ನಡೆಯುವುದಿಲ್ಲ ಎಂಬುದು ನಮ್ಮ ಪೈಕಿ ಯಾರಿಗೂ ಹೊಳೆಯಲಿಲ್ಲ.

ಗಗನದಲ್ಲಿ

ಮಾವ ವಿಮಾನಕ್ಕೆ ಖಾಕಿ ಹಾಕಿಕೊಂಡೇ ಹತ್ತಿದ. ಬಿಲ್ಲೆಯನ್ನು ಬೂದಿ ಹಚ್ಚಿ ತಿಕ್ಕಿದ್ದ. ಧೋತರ ಉಟ್ಟುಕೋ ಎಂದರೆ ಕೇಳಲಿಲ್ಲ. “ಸರಕಾರಿ ಮನಷ್ಯಾ ಅಂತ ಗೊತ್ತಾಗ್ಲಿ. ಇಲ್ಲಾಂದ್ರ ಯಾವನೋ ಪರದೇಶಿ ಅಂತ ತಿಳ್ಕೊಂತಾರ.” ಪರದೇಶಕ್ಕೆ ಹೋಗುವವರು ಪರದೇಶಿಗಳೇ ಎಂದು ನಾನು ಹೇಳಲು ಹೋಗಲಿಲ್ಲ.

ಕಿಟಕಿಯಿಂದ ಕೆಳಗೆ ಎಲ್ಲಿ ನೀರು ಕಂಡರೂ ಅವನು ಬಗ್ಗಿ ನೋಡುತ್ತಿದ್ದ. ಸಮುದ್ರ ಬಂದಾಗ ಬಹಳ ಹೊತ್ತು ನೋಡಿ, “ಇದಕ್ಕ ಗೇಜು ಇಲ್ಲೇನು?” ಎಂದ. ಇಲ್ಲ ಎಂದೆ. “ಮತ್ತ ಜಾಸ್ತಿ ಆದ್ರ ಯಾರನ್ನ ಕೇಳ್ತಾರ?” ಎಂದು ಚಿಂತೆ ಮಾಡುತ್ತ ನಿದ್ದೆ ಹೋದ.

ಮಿಲಾನ್, ರೈಲು ನಿಲ್ದಾಣ

ವಿಮಾನ ಇಳಿದಲ್ಲಿಯೇ ಮೊದಲ ಅವಘಡ. ಅತ್ತೆ ಕಟ್ಟಿಕೊಟ್ಟ ಗಂಟಿನಲ್ಲಿ ನಲವತ್ತು ಕಟಕ ರೊಟ್ಟಿ, ಒಂದು ಡಬ್ಬಿ ಅಗಸಿ ಹಿಂಡಿ, ಅಂದರೆ ಅಗಸೆ ಬೀಜದ ಚಟ್ನಿಪುಡಿ, ಇದ್ದವು. ಸಾಮಾನು ತಪಾಸಣೆಯ ಅಧಿಕಾರಿ ಡಬ್ಬಿ ತೆರೆದು ಮೂಗಿನ ಹತ್ತಿರ ಹಿಡಿದು ಜೋರಾಗಿ ಉಸಿರು ಎಳೆದುಕೊಂಡ. ಅಗಸಿ ಹಿಂಡಿಯಲ್ಲಿ ಅರ್ಧ ಖಾರದ ಪುಡಿಯೇ ಇರುತ್ತದೆ. ಆ ಮನುಷ್ಯ ಎಂಟು ಸಲ ಸೀನಿದ. ಒಂಬತ್ತನೆಯದಕ್ಕೆ ಟೋಪಿ ಬಿತ್ತು. ಮಾವ ಅವನ ಬೆನ್ನು ಸವರಿ, ಒಂದು ಚಿಟಿಕೆ ತಾನು ಬಾಯಿಗೆ ಹಾಕಿಕೊಂಡು ತೋರಿಸಿದ ಮೇಲೆ ನಮ್ಮನ್ನು ಬಿಟ್ಟರು.

ನಮ್ಮನ್ನು ಕರೆದೊಯ್ಯಲು ಡಾಕ್ಟರು ರೈಲು ನಿಲ್ದಾಣಕ್ಕೆ ಬರುವುದಿತ್ತು. ಅಲ್ಲಿ ಒಂದು ಕಂಬದ ಹತ್ತಿರ ಮಾವನನ್ನು ನಿಲ್ಲಿಸಿ ನಾನು ವಿಚಾರಿಸಲು ಹೋದೆ. ತಿರುಗಿ ಬರುವಷ್ಟರಲ್ಲಿ ಮಾವನ ಮುಂದೆ ಏಳೆಂಟು ಜನರ ಸಾಲು. ಖಾಕಿ, ಬಿಲ್ಲೆ, ಮೀಸೆ ನೋಡಿ ರೈಲು ಇಲಾಖೆಯವನೆಂದು ತಿಳಿದಿದ್ದರು. ಒಬ್ಬೊಬ್ಬರೇ ಬಂದು ಟಿಕೆಟ್ಟು ತೋರಿಸಿ ಏನೋ ಕೇಳುವುದು, ಮಾವ ಟಿಕೆಟ್ಟು ತಿರುವಿ ನೋಡಿ, “ಅತ್ಲಾಗ ಹೋಗ್ರಿ, ಜಲ್ದಿ ಹೋಗ್ರಿ” ಎಂದು ಕೈ ತೋರಿಸುವುದು. ಅವರು ಓಡುತ್ತಿದ್ದರು. ಆ ಜನ ಯಾವ ಯಾವ ಊರು ಸೇರಿದರೋ ನನಗೆ ಗೊತ್ತಿಲ್ಲ.

“ಯಾಕ ಹಂಗ ಹೇಳಿದಿ ಮಾವ?”

“ಕೇಳಿದವರಿಗೆ ಗೊತ್ತಿಲ್ಲ ಅನ್ನಬಾರದಲೇ. ಸರಕಾರಿ ಮನಷ್ಯಾನ ಮ್ಯಾಲಿನ ನಂಬಿಗಿ ಹೋಗ್ತೈತಿ.”

ನಗುತ್ತ ಕೇಳಿದ ಆ ಮಾತನ್ನು ಆಮೇಲೆ ನಾನು ಎಷ್ಟೋ ಸಲ ನೆನೆಸಿಕೊಂಡಿದ್ದೇನೆ.

ಆಸ್ಪತ್ರೆ

ಡಾಕ್ಟರ ಹೆಸರು ಲೂಚಿಯಾ. ನಲವತ್ತರ ಆಸುಪಾಸಿನ ಸಣ್ಣ ಹೆಂಗಸು, ಓಡಾಡಿದರೆ ಮಾತ್ರ ಕಾಲು ನಿಲ್ಲುತ್ತದೆ ಎನ್ನುವಂತೆ ನಡೆಯುವವಳು. ದೇವರ ದಯೆ, ಆಕೆಗೆ ಇಂಗ್ಲಿಷ್ ಬರುತ್ತಿತ್ತು. ಮೊದಲ ದಿನವೇ ಮಾವನನ್ನು ಎದುರಿಗೆ ಕೂರಿಸಿಕೊಂಡು ಕಾಯಿಲೆಯ ಹೆಸರು ಹಿಡಿದು ಎಲ್ಲ ಹೇಳಿಬಿಟ್ಟಳು. ನಮ್ಮಲ್ಲಿ ಗೋಡೆಯ ಆಚೆ ನಿಂತು ಹೇಳುವುದನ್ನು ಮುಖ ನೋಡಿ ಹೇಳಿದಳು. ನಾನು ಭಾಷಾಂತರಿಸುವಾಗ ಬೆವೆತುಬಿಟ್ಟೆ. ಮಾವ ತಣ್ಣಗೆ ಕೂತಿದ್ದ.

ಔಷಧಿ ಕೆಂಪಗೆ, ದಾಳಿಂಬೆ ರಸದ ಹಾಗೆ. ಮೂರು ವಾರಕ್ಕೊಮ್ಮೆ ನರಕ್ಕೆ ಸೂಜಿಯಲ್ಲಿ ಕೊಡುವುದು. “ಇದು ಗಂಟನ್ನು ಕರಗಿಸುತ್ತದೆ. ಆದರೆ ಹೃದಯವನ್ನೂ ಸ್ವಲ್ಪ ಸ್ವಲ್ಪ ದಣಿಸುತ್ತದೆ. ಒಬ್ಬ ಮನುಷ್ಯನಿಗೆ ಎಷ್ಟು ಕೊಟ್ಟರೆ ಹೆಚ್ಚಾಯಿತು ಎಂಬುದು ಯಾರಿಗೂ ಇನ್ನೂ ಸರಿಯಾಗಿ ತಿಳಿದಿಲ್ಲ. ಅದನ್ನು ಕಂಡುಹಿಡಿಯುವುದೇ ನನ್ನ ಕೆಲಸ” ಎಂದಳು ಲೂಚಿಯಾ.

ಮಾವ ತಲೆ ಆಡಿಸಿದ. “ತಿಳೀತು ಡಾಕ್ಟರವ್ವಾ. ಗದ್ದಿಗೆ ನೀರು ಮುಟ್ಟಬೇಕು, ಏರಿ ಒಡೀಬಾರದು.” ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿದಾಗ ಆಕೆ ಕುರ್ಚಿಯಿಂದ ಎದ್ದು ಅವನ ಕೈ ಕುಲುಕಿದಳು. ತನ್ನ ವಿದ್ಯಾರ್ಥಿಗಳಿಗೆ ಒಂದು ವರ್ಷದಿಂದ ಹೇಳಿದರೂ ತಿಳಿಯದ್ದು ಇದೇ ಎಂದಳು.

ಅದಕ್ಕಾಗಿ ಆಕೆ ಮಾಡಿದ್ದ ಏರ್ಪಾಟು ಸರಳ. ವಾರ್ಡಿನಿಂದ ಮೇಲಿನ ಪ್ರಾರ್ಥನಾ ಮಂದಿರಕ್ಕೆ ಕಲ್ಲಿನ ಮೆಟ್ಟಿಲು ಇದ್ದವು. ರೋಗಿ ದಿನಾ ಬೆಳಿಗ್ಗೆ ಅದನ್ನು ಹತ್ತಬೇಕು. ಎಲ್ಲಿ ಉಸಿರು ಕಟ್ಟಿ ನಿಲ್ಲಬೇಕಾಗುತ್ತದೋ ಆ ಮೆಟ್ಟಿಲಿನ ಸಂಖ್ಯೆಯನ್ನು ಒಂದು ಕಾರ್ಡಿನಲ್ಲಿ ತಾನೇ ಬರೆಯಬೇಕು. ಮೊದಲ ದಿನ ಆಕೆಯೇ ಜೊತೆಗೆ ನಿಂತು ಎಣಿಸಿದಳು. ನಲವತ್ತೆರಡನೆಯದಕ್ಕೆ ಮಾವ ನಿಂತ. “ಭೇಷ್! ನಲವತ್ತೆರಡು!” ಎಂದು ಚಪ್ಪಾಳೆ ತಟ್ಟಿದಳು.

ಕಾರ್ಡು, ಕೋಷ್ಟಕ, ದಿನಕ್ಕೊಂದು ಅಂಕಿ. ಇದನ್ನು ಮಾಡಲಿಕ್ಕೇ ಹುಟ್ಟಿದವನ ಹಾಗೆ ಮಾವ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡ.

ಊರೊಳಗಿನ ಕಾಲುವೆ

ಮಿಲಾನಿನ ಜನ ನಿಂತುಕೊಂಡೇ ಕಾಫಿ ಕುಡಿಯುತ್ತಾರೆ. ಬಟ್ಟಲು ಮಕ್ಕಳಿಗೆ ಬಜೆ ತೇಯ್ದು ಕುಡಿಸುವಷ್ಟು, ಕಹಿಯೂ ಹೆಚ್ಚುಕಡಿಮೆ ಅಷ್ಟೇ. ಅನ್ನವನ್ನು ಹಳದಿ ಮಾಡಿ ಅಂಟಂಟಾಗಿ ಬೇಯಿಸುತ್ತಾರೆ. ಮಾವ ನೋಡಿ, “ನಮ್ಮ ಕಡೆ ಕ್ಯಾಂಪಿನಾಗ ಭತ್ತ ಬೆಳ್ಯೋ ಆಂಧ್ರದವ್ರು ಇದನ್ನ ನೋಡಿದ್ರ ಅಳ್ತಾರ” ಎಂದ. ಮೆಕ್ಕೆಜೋಳದ ಹಿಟ್ಟು ಕುದಿಸಿ ತಟ್ಟೆಗೆ ಹಾಕಿಕೊಟ್ಟಾಗ ಮಾತ್ರ ಅವನ ಮುಖ ಅರಳಿತು. “ಲೇ, ಸಂಗಟಿ! ಇವ್ರೂ ನಮ್ಮವ್ರಽ!” ಎಂದು ಅದಕ್ಕೆ ಅಗಸಿ ಹಿಂಡಿ ಉದುರಿಸಿಕೊಂಡು ಉಂಡ.

ಇನ್ನೊಂದು ದಿನ ಊರೊಳಗೆ ತಿರುಗಾಡುವಾಗ ಮನೆಗಳ ನಡುವೆ ಕಾಲುವೆ ಸಿಕ್ಕಿತು. ಗೇಟೂ ಇದ್ದವು. ಮಾವ ಮಂಜಿನಲ್ಲಿ ಅರ್ಧ ಮೈಲಿ ಗೇಜು ಹುಡುಕಿದ. ಸಿಗಲಿಲ್ಲ. ಗಾಳ ಹಾಕಿ ಕೂತಿದ್ದ ಮುದುಕನೊಬ್ಬನನ್ನು ಹಿಡಿದು, ಇಲ್ಲಿ ಲಸ್ಕರ್ ಯಾರು, ಎಲ್ಲಿ ಹೋಗ್ಯಾನ, ಕಸ ಯಾಕೆ ತೆಗೆಸಿಲ್ಲ ಎಂದು ಕನ್ನಡದಲ್ಲಿ ತರಾಟೆಗೆ ತೆಗೆದುಕೊಂಡ. ಮುದುಕ ಹೆದರಿ, ಹಿಡಿದ ಎರಡು ಮೀನನ್ನು ನೀರಿಗೆ ಬಿಟ್ಟು ಗಾಳ ಸುತ್ತಿಕೊಂಡು ಹೋದ.

ಮೀಸೆ

ಎರಡನೆಯ ಸೂಜಿಯ ಹೊತ್ತಿಗೆ ಗಂಟು ಅರ್ಧ ಕರಗಿತ್ತು. ಜೊತೆಗೆ ಕೂದಲೂ ಉದುರಿತು. ತಲೆಯದು ಹೋದಾಗ ಮಾವ ರುಮಾಲು ಸುತ್ತಿಕೊಂಡ. ಒಂದು ಬೆಳಿಗ್ಗೆ ಮುಖ ತೊಳೆದಾಗ ಮೀಸೆಯ ಒಂದು ಕಡೆ ಕೈಗೆ ಬಂತು. ಅದನ್ನು ವಸ್ತ್ರದಲ್ಲಿ ಕಟ್ಟಿಟ್ಟು, ಇನ್ನೊಂದು ಕಡೆ ಬೀಳುವ ತನಕ ಎರಡು ದಿನ ಕೈಯಿಂದ ಬಾಯಿ ಮುಚ್ಚಿಕೊಂಡೇ ಮಾತಾಡಿದ.

“ಸತ್ತವ್ರ ಸಲುವಾಗಿ ಉಳಿದವ್ರು ಬೋಳಿಸ್ಕೊಂತಾರ. ನಾ ನೋಡಲೇ, ನನ್ನ ಸಲುವಾಗಿ ನಾನಽ ಬೋಳಿಸ್ಕೊಂಡು ಕುಂತೀನಿ” ಎಂದ. ನಗಬೇಕೆಂದು ಹೇಳಿದ ಮಾತು. ನಾನು ಕನ್ನಡಿಯನ್ನು ಗೋಡೆಯ ಕಡೆ ತಿರುಗಿಸಿಟ್ಟೆ.

ಪಕ್ಕದ ಮಂಚದಲ್ಲಿ ಬ್ರೂನೋ ಎಂಬ ರೋಗಿ ಇದ್ದ. ವೃತ್ತಿಯಲ್ಲಿ ಕ್ಷೌರಿಕ. ಅವನ ತಲೆಯೂ ಬೋಳು. ಮಾವನ ಮೀಸೆ ಬಿದ್ದದ್ದು ಅವನಿಗೆ ತನ್ನ ರೋಗಕ್ಕಿಂತ ದೊಡ್ಡ ದುಃಖವಾಗಿರಬೇಕು. ವಸ್ತ್ರದಲ್ಲಿದ್ದ ಕೂದಲನ್ನು ಕೇಳಿ ಇಸಿದುಕೊಂಡು, ನಾಲ್ಕು ದಿನ ಕೂತು, ಒಂದು ಪಟ್ಟಿಯ ಮೇಲೆ ಒಂದೊಂದೇ ಎಳೆ ಅಂಟಿಸಿ, ಮಾವನದೇ ಮೀಸೆಯನ್ನು ಮಾವನಿಗೆ ಮಾಡಿಕೊಟ್ಟ. ಒಂದು ನಮೂನೆಯ ಅಂಟಿನಿಂದ ದಿನಾ ಬೆಳಿಗ್ಗೆ ಅವನೇ ಹಚ್ಚುತ್ತಿದ್ದ. ಬ್ರೂನೋಗೆ ಕನ್ನಡ ಬಾರದು, ಮಾವನಿಗೆ ಇಟಾಲಿಯನ್ ಬಾರದು. ಇಬ್ಬರೂ ಕನ್ನಡಿಯ ಮುಂದೆ ಅರ್ಧ ತಾಸು ಜಗಳಾಡಿ ಮೀಸೆಯ ತುದಿ ಎತ್ತರ ಮಾಡುತ್ತಿದ್ದರು.

ಯಂತ್ರದ ರಿಪೇರಿ

ತಿಂಗಳು ಕಳೆದವು. ಮಾವನ ಕಾರ್ಡು ತುಂಬುತ್ತ ಬಂತು. ನಲವತ್ತೆರಡು, ನಲವತ್ತೆರಡು, ನಲವತ್ತೆರಡು. ಬೇರೆ ರೋಗಿಗಳ ಕಾರ್ಡಿನಲ್ಲಿ ಅಂಕಿ ಏರುವುದು, ಇಳಿಯುವುದು, ಗೀಚಿ ತಿದ್ದುವುದು. ಮಾವನದು ಮುತ್ತು ಪೋಣಿಸಿದ ಹಾಗೆ. ನಾನು ಸಂಜೆ ಅದನ್ನು ನೋಡಿ ಸಂತೋಷಪಟ್ಟು ಅತ್ತೆಗೆ ಕಾಗದ ಬರೆಯುತ್ತಿದ್ದೆ.

ಐದನೆಯ ತಿಂಗಳಲ್ಲಿ ಹೃದಯದ ಬಡಿತವನ್ನು ಕಾಗದದ ಪಟ್ಟಿಯ ಮೇಲೆ ಗೆರೆ ಬರೆಯುವ ಯಂತ್ರ ತಕರಾರು ತೆಗೆಯಿತು. ಮಾವನ ಗೆರೆ ಮೊದಲಿಗಿಂತ ಗಿಡ್ಡವಾಗಿತ್ತು. ಲೂಚಿಯಾ ಪಟ್ಟಿ ನೋಡಿದಳು, ಕಾರ್ಡು ನೋಡಿದಳು, ಹುಬ್ಬು ಗಂಟಿಕ್ಕಿದಳು. ಆಕೆಯ ಮೇಲೆ ಒಬ್ಬ ದೊಡ್ಡ ಪ್ರೊಫೆಸರ್ ಇದ್ದ, ಬೆಳ್ಳಿ ಕೂದಲು, ಬಂಗಾರದ ಕನ್ನಡಕ. ಅವನು ಕಾರ್ಡಿನ ಕಡೆಗೆ ಬೆರಳು ತೋರಿಸಿ, ಇಷ್ಟು ನಿಯಮಿತವಾದ ದಾಖಲೆಯನ್ನು ತನ್ನ ಜನ್ಮದಲ್ಲಿ ಕಂಡಿಲ್ಲ, ಕೆಟ್ಟಿರುವುದು ಯಂತ್ರ ಎಂದ. ಯಂತ್ರವನ್ನು ರಿಪೇರಿಗೆ ಕಳಿಸಿದರು. ರಿಪೇರಿಯವನು ಬಿಚ್ಚಿ ಜೋಡಿಸಿ, ಏನೂ ಕೆಟ್ಟಿಲ್ಲ ಎಂದ. ಅವನ ಮೇಲೆಯೇ ಸಂಶಯಪಟ್ಟು ಬೇರೆಯವನನ್ನು ಕರೆಸಿದರು.

ಅಷ್ಟರಲ್ಲಿ ಪ್ರೊಫೆಸರನಿಗೆ ಅಗಸಿ ಹಿಂಡಿಯ ಸುದ್ದಿ ಮುಟ್ಟಿತ್ತು. ಕೆಂಪು ಔಷಧಿ ಎಲ್ಲರ ಹೃದಯವನ್ನು ದಣಿಸುತ್ತಿರುವಾಗ ಈ ಭಾರತೀಯನ ಹೃದಯ ನಲವತ್ತೆರಡಕ್ಕೇ ನಿಂತಿರಬೇಕಾದರೆ ಆ ಪುಡಿಯಲ್ಲಿ ಏನೋ ಇರಬೇಕು. ಡಬ್ಬಿ ತೂಗಿದರು. ಮೂರು ಚಮಚೆ ಪ್ರಯೋಗಾಲಯಕ್ಕೆ ಹೋಯಿತು. ಒಬ್ಬ ಸಹಾಯಕ ಡಾಕ್ಟರು ಉತ್ಸಾಹದಿಂದ ತಿಂದು ನೋಡಿ ಮಧ್ಯಾಹ್ನ ರಜೆ ಹಾಕಿದ. ಬರುವ ಗುರುವಾರ ಬೇರೆ ಊರುಗಳ ಡಾಕ್ಟರರ ಸಭೆ ಕರೆದು ಮಾವನ ಕಾರ್ಡನ್ನು ತೋರಿಸುವುದೆಂದೂ, ಹೃದಯ ಇಷ್ಟು ಗಟ್ಟಿಯಿರುವುದರಿಂದ ಅಂದೇ ಇನ್ನೂ ದೊಡ್ಡ ಪ್ರಮಾಣದ ಸೂಜಿ ಕೊಡುವುದೆಂದೂ ಗೊತ್ತಾಯಿತು.

ದಿನಾ ಬೆಳಿಗ್ಗೆ ಲೂಚಿಯಾ ಕೇಳುವಳು, ಹೇಗಿದ್ದೀರಿ? ಮಾವ ಹೇಳುವನು, “ಆರಾಮ್ ಅದೀನ್ರಿ ಡಾಕ್ಟರವ್ವಾ.” ನಾನು ಆರಾಮ ಎಂದು ಭಾಷಾಂತರಿಸುತ್ತಿದ್ದೆ. ನಮ್ಮ ಕಡೆ ಕೇಳಿದವರಿಗೆ ಬೇರೆ ಉತ್ತರ ಕೊಡುವ ಪದ್ಧತಿ ಎಲ್ಲಿದೆ? ಕೈ ಮುರಿದವನೂ ಮೊದಲು ಆರಾಮ್ ಎಂದು ಆಮೇಲೆ ಕೈ ತೋರಿಸುತ್ತಾನೆ. ಮಾವನ ಚಪ್ಪಲಿ ಬಿಗಿಯಾಗಿದ್ದನ್ನು, ಎರಡು ದಿಂಬು ಸಾಲದೆ ಮೂರನೆಯದು ಬೇಡಿದ್ದನ್ನು ನಾನು ನೋಡಿದ್ದೆ. ನೋಡಿಯೂ ಕಾರ್ಡನ್ನೇ ನಂಬಿದೆ. ಅದು ನನ್ನ ತಪ್ಪು. ನಂಬುವುದು ನನಗೂ ಬೇಕಾಗಿತ್ತು.

ಬುಧವಾರ, ಏಳನೆಯ ಮೆಟ್ಟಿಲು

ಸಭೆಯ ಹಿಂದಿನ ಬೆಳಿಗ್ಗೆ ಮಾವನ ಮಫ್ಲರು ಮಂಚದ ಮೇಲೆ ಉಳಿದಿತ್ತು. ಮೆಟ್ಟಿಲ ಮೇಲೆ ಚಳಿ, ಕೊಟ್ಟು ಬರೋಣ ಎಂದು ಹೋದೆ. ಮಾವ ಏಳನೆಯ ಮೆಟ್ಟಿಲ ಮೇಲೆ ಕೂತಿದ್ದ. ಗೋಡೆಗೆ ತಲೆ ಆನಿಸಿ, ಬಾಯಿ ತೆರೆದು, ದೂರದಿಂದ ಓಡಿಬಂದವನ ಹಾಗೆ ಏದುತ್ತಿದ್ದ. ಸ್ವಲ್ಪ ಹೊತ್ತಿಗೆ ಕಿವಿಯ ಪೆನ್ಸಿಲು ತೆಗೆದು, ಕಾರ್ಡನ್ನು ಮೊಣಕಾಲ ಮೇಲೆ ಇಟ್ಟು, ದುಂಡಗೆ ಬರೆದ. ನಾನು ಹತ್ತಿರ ಹೋಗಿ ಬಗ್ಗಿ ನೋಡಿದೆ. ನಲವತ್ತೆರಡು.

“ಮಾವ, ಏನು ಮಾಡಾಕತ್ತಿ ನೀ?”

ಅವನು ಗಾಬರಿಯಾಗಲಿಲ್ಲ. “ಗೇಜು ಬರಿಯಾಕತ್ತೀನಿ.”

“ಏಳಕ್ಕ ಕುಂತಿಯಲ್ಲ!”

“ಹುಕುಂ ನಲವತ್ತೆರಡು ಐತಲ್ಲ. ಮೊದಲನೇ ದಿನ ಡಾಕ್ಟರವ್ವನಽ ನಿಂತು ಹೇಳ್ಯಾಳ. ಮಟ್ಟ ಇಳಿದೈತಿ ಅಂತ ಬರದ್ರ ಮೆಮೋ ಬರ್ತೈತಿ. ಏರೈತಿ ಅಂತ ಬರದ್ರೂ ಬರ್ತೈತಿ. ಒಮ್ಮೆ ಅರವತ್ತು ಹತ್ತಿದ್ದೆ, ನಲವತ್ತೆರಡಽ ಬರದೆ. ಇಪ್ಪತ್ತು ವರ್ಷ ನೌಕರಿ ಹಿಂಗಽ ಮಾಡೀನಿ, ಒಂದು ಮೆಮೋ ಬಂದಿಲ್ಲ.” ಮತ್ತೆ ಉಸಿರು ಎಳೆದುಕೊಂಡು ತಗ್ಗಿದ ದನಿಯಲ್ಲಿ ಹೇಳಿದ: “ಮ್ಯಾಲ ಆ ಬಂಗಾರ ಕನ್ನಡಕದವ ಅದಾನ. ಮಟ್ಟ ಇಳಿದ್ರ ಆ ಹೆಣ್ಮಗಳಿಗೆ ಬೈತಾನ. ನಮಗ ಅನ್ನಾ ಹಾಕ್ಯಾಳ.”

ಆಗ ನನಗೆ ಸಿಟ್ಟು ಬಂತು. ಹೆದರಿಕೆಯೂ ಬಂತು. ನಾಳೆ ಆ ದೊಡ್ಡ ಸೂಜಿ ಚುಚ್ಚಿದರೆ ಈ ಮನುಷ್ಯನ ಹೃದಯ ನಿಲ್ಲಬಹುದು. ನಾನೇ ಓಡಿಹೋಗಿ ಹೇಳಿಬಿಡಬಹುದಿತ್ತು. ಹೇಳಿದರೂ ಪ್ರೊಫೆಸರ್ ನನ್ನನ್ನೂ ರಿಪೇರಿಗೆ ಕಳಿಸುತ್ತಿದ್ದ. ನನ್ನ ಬಾಯಿಂದ ಬಂದದ್ದು ಹದಿನಾಲ್ಕು ವರ್ಷದಿಂದ ನಮ್ಮ ಮನೆಯಲ್ಲಿ ಯಾರೂ ಆಡದ ಮಾತು.

ನಮ್ಮ ಹೊಲ ಮಾವನ ಗೇಜಿನ ಕೆಳಗೆ, ಉಪಕಾಲುವೆಯ ಕಡೇ ತುದಿಯಲ್ಲಿದೆ. ಒಂದು ವರ್ಷ ತೆನೆ ಬಿಡುವ ಹೊತ್ತಿಗೆ ಅಲ್ಲಿಗೆ ನೀರು ಬರಲಿಲ್ಲ. ಅಪ್ಪ ಸಿಂಧನೂರಿನ ಕಚೇರಿಗೆ ಹೋಗಿ ಕೇಳಿದ. ಅಲ್ಲಿಯವರು ಪುಸ್ತಕ ತೆರೆದು ತೋರಿಸಿದರು: ಮಟ್ಟ ಬರೋಬರಿ ಇದೆ, ನೀರು ಪೂರ್ತಿ ಬಿಟ್ಟಿದೆ, ನಿನ್ನ ಹೊಲಕ್ಕೇ ಏನೋ ಆಗಿದೆ. ಅಪ್ಪ ತಿರುಗಿ ಬಂದು ಒಣಗಿದ ಭತ್ತ ಕೊಯ್ದು ದನಕ್ಕೆ ಹಾಕಿದ. ಹೆಂಡತಿಯ ಅಣ್ಣನ ಅಕ್ಷರವನ್ನು ಆ ಪುಸ್ತಕದಲ್ಲಿ ಅವನು ಗುರುತಿಸಿದ್ದ. ಸಾಯುವ ತನಕ ಒಂದು ಮಾತು ಕೇಳಲಿಲ್ಲ.

“ಮಾವ,” ಎಂದೆ, “ನೀ ಪುಸ್ತಕದಾಗ ಬರದಷ್ಟು ನೀರು ನಮ್ಮ ಹೊಲಕ್ಕ ಯಾಕ ಬರ್ಲಿಲ್ಲ?”

ಮಾವ ನನ್ನ ಮುಖ ನೋಡಿದ. ಕೈ ಚಾಚಿದ, ಎಬ್ಬಿಸಿದೆ. ವಾರ್ಡಿಗೆ ಬರುವಷ್ಟರಲ್ಲಿ ಮೂರು ಕಡೆ ನಿಂತ.

ಗುರುವಾರ

ಸಭೆಗೆ ಮೂವತ್ತು ಮಂದಿ ಡಾಕ್ಟರರು ಬಂದಿದ್ದರು. ಪ್ರೊಫೆಸರ್ ಮಾವನ ಕಾರ್ಡನ್ನು ದೊಡ್ಡದಾಗಿ ಬರೆಸಿ ಗೋಡೆಗೆ ಹಾಕಿಸಿದ್ದ. ಮೇಜಿನ ಮೇಲೆ ಗಾಜಿನ ಬಟ್ಟಲಲ್ಲಿ ಅಗಸಿ ಹಿಂಡಿ. ಲೂಚಿಯಾ ಮಾತ್ರ ಮೂಲೆಯಲ್ಲಿ ಯಂತ್ರದ ಹಳೆಯ ಪಟ್ಟಿಗಳನ್ನು ಕೈಯಲ್ಲಿ ಹಿಡಿದು ಕೂತಿದ್ದಳು.

ಮಾವ ಖಾಕಿ ತೊಟ್ಟು, ಬಿಲ್ಲೆ ಹಾಕಿ, ಬ್ರೂನೋ ಹಚ್ಚಿದ ಮೀಸೆಯೊಂದಿಗೆ ಬಂದ. ಪ್ರೊಫೆಸರ್ ಭಾಷಣ ಆರಂಭಿಸಿದ ಕೂಡಲೇ ಮಾವ ಕೈ ಎತ್ತಿ, “ಜರಾ ತಡೀರಿ ಸಾಹೇಬ್ರ. ನನ್ನ ಜೋಡಿ ಎಲ್ಲಾರೂ ಹೊರಗ ಬರ್ರಿ” ಎಂದ. ನಾನು ಭಾಷಾಂತರಿಸಿದೆ. ಪ್ರದರ್ಶನ ಮಾಡುತ್ತಾನೆಂದು ಎಲ್ಲರೂ ಖುಷಿಯಿಂದ ಎದ್ದರು.

ಮೂವತ್ತು ಡಾಕ್ಟರರು ಮೆಟ್ಟಿಲಿನ ಬುಡದಲ್ಲಿ ನಿಂತರು. ಮಾವ ಹತ್ತತೊಡಗಿದ, ಪ್ರತಿ ಮೆಟ್ಟಿಲಿಗೂ ಜೋರಾಗಿ ಎಣಿಸುತ್ತ. ಒಂದು. ಎರಡು. ಮೂರು. ಐದಕ್ಕೆ ಬೆವರು ಬಂತು. ಆರಕ್ಕೆ ಬೆವರಿನಿಂದ ಅಂಟು ಬಿಟ್ಟು ಮೀಸೆಯ ಒಂದು ತುದಿ ಜೋತಾಡಿತು. ಹಿಂದಿನಿಂದ ಬ್ರೂನೋ ಅಯ್ಯೋ ಎನ್ನುವಂತೆ ಕೂಗಿದ. ಏಳಕ್ಕೆ ಮಾವ ನಿಂತ, ಕೂತ, ಜೋತಾಡುತ್ತಿದ್ದ ಮೀಸೆಯನ್ನು ತಾನೇ ಕಿತ್ತು ಕಿಸೆಯಲ್ಲಿ ಇಟ್ಟುಕೊಂಡ. ಉಸಿರು ಸಿಗುವ ತನಕ ಎಲ್ಲರೂ ಕಾದರು.

“ಏಳು” ಎಂದ. “ಇಷ್ಟಽ ಐತಿ. ಮೂರು ವಾರದಿಂದ ಇಷ್ಟಽ. ಅದರ ಮುಂಚೆ ಹನ್ನೆರಡು, ಅದರ ಮುಂಚೆ ಇಪ್ಪತ್ತು. ನಲವತ್ತೆರಡು ಸುಳ್ಳು. ಬರಕೋರಿ ಡಾಕ್ಟರವ್ವಾ.”

ನಾನು ಹೇಳಿ ಮುಗಿಸುವ ಮೊದಲೇ ಲೂಚಿಯಾ ಮೆಟ್ಟಿಲು ಹತ್ತಿ ಅವನ ಪಕ್ಕದಲ್ಲಿ ಕೂತು ಕೈಯ ನಾಡಿ ಹಿಡಿದಿದ್ದಳು. ಆಕೆ ಅಳುತ್ತಿದ್ದಳು, ನಗುತ್ತಲೂ ಇದ್ದಳು. ಸೂಜಿ ಇಲ್ಲ, ಇವತ್ತೂ ಇಲ್ಲ, ಇನ್ನು ಮುಂದೆಯೂ ಇಲ್ಲ ಎಂದಳು. ಗಂಟು ಕರಗಿದೆ, ಔಷಧಿ ಸಾಕು. ಈಗ ಹೃದಯಕ್ಕೆ ಗುಳಿಗೆ, ಉಪ್ಪು ಕಡಿಮೆ, ವಿಶ್ರಾಂತಿ. ಪ್ರೊಫೆಸರ್ ಕನ್ನಡಕ ತೆಗೆದು ಒರೆಸಿಕೊಂಡು, ಯಂತ್ರದ ರಿಪೇರಿಯವನಿಗೆ ಕ್ಷಮಾಪಣೆಯ ಪತ್ರ ಬರೆಯಬೇಕು ಎಂದ.

ಇಷ್ಟಾದರೂ ಮಾವ ಮೇಲೆ ಏಳಲು ಒಪ್ಪಲಿಲ್ಲ. ಅವನಿಗೆ ಮೆಮೋ ಬೇಕಾಗಿತ್ತು.

“ಬೈಯಬೇಕಲ್ಲ ಯಾರಾರ? ಲಿಖಿತದಾಗ ಕೊಡು ಅನ್ನು. ಮೆಮೋ ಇಲ್ಲದ ನಾ ಹೆಂಗ ಉತ್ತರಾ ಕೊಡ್ಲಿ?”

ಲೂಚಿಯಾ ಅಲ್ಲೇ ಆಸ್ಪತ್ರೆಯ ಕಾಗದದ ಮೇಲೆ, ಮಟ್ಟ ಇಳಿದದ್ದನ್ನು ಯಾಕೆ ತಿಳಿಸಲಿಲ್ಲ, ಕಾರಣ ಕೊಡಿ ಎಂದು ಬರೆದು ಸಹಿ ಮಾಡಿದಳು. ಮಾವ ನನಗೆ ಉತ್ತರ ಹೇಳಿ ಬರೆಸಿದ: “ಮಟ್ಟ ಇಳಿದದ್ದು ಖರೇ. ಅಂಜಿಕಿಗೆ ಬರೀಲಿಲ್ಲ. ತಪ್ಪಾಗೈತಿ. ಇನ್ನ ಮ್ಯಾಲ ಇದ್ದದ್ದು ಬರೀತೀನಿ. ಹನುಮಂತಪ್ಪ, ಲಸ್ಕರ್.” ಸಹಿ ಮಾಡಿ ಮಡಿಚಿ ಆಕೆಯ ಕೈಗೆ ಕೊಟ್ಟ. ಆಮೇಲೆ ನನ್ನ ಕಡೆ ತಿರುಗದೆ, ಗೋಡೆ ನೋಡುತ್ತ ಹೇಳಿದ.

“ಆ ವರ್ಷ ಗೇಜಿನಾಗ ಎರಡು ಅಡಿನೂ ಇರ್ಲಿಲ್ಲ. ನಾ ನಾಕು ಬರದೆ. ನಿಮ್ಮಪ್ಪಗ ಗೊತ್ತಿತ್ತು, ಹೌದಿಲ್ಲೋ?”

“ಗೊತ್ತಿತ್ತು ಮಾವ.”

“ಒಂದು ಮಾತು ಬೈಲಿಲ್ಲ ನೋಡು ಮನಷ್ಯಾ” ಎಂದ. ಅವನ ಕಣ್ಣಲ್ಲಿ ನೀರು ಬಂದದ್ದನ್ನು ನಾನು ಮೊದಲ ಸಲ ನೋಡಿದೆ. ನನಗೂ ಅಳು ಬಂತು.

ಮಸ್ಕಿ

ತಿರುಗಿ ಬಂದ ಮೇಲೆ ಮಾವ ಮಸ್ಕಿಯ ತನ್ನ ಮನೆಯಲ್ಲಿ ಉಳಿದ. ಕೂದಲು ಬಂತು, ಮೀಸೆಯೂ ಬಂತು, ಮೊದಲಿಗಿಂತ ಗುಂಗುರಾಗಿ. ಬ್ರೂನೋ ಮಾಡಿದ ಮೀಸೆಯನ್ನು ಅವನು ಗೇಜು ಪುಸ್ತಕದ ಹಳೆಯ ರಟ್ಟಿನಲ್ಲಿ ಜೋಪಾನ ಮಾಡಿದ್ದಾನೆ.

ಮಸ್ಕಿಯ ಗುಡ್ಡಕ್ಕೆ ಮೆಟ್ಟಿಲು ಇವೆ. ತಿಂಗಳಿಗೊಮ್ಮೆ ನಾನು ಲಿಂಗಸುಗೂರಿನಿಂದ ಬಸ್ಸಿಗೆ ಬರುತ್ತೇನೆ, ಮಾವ ಹತ್ತುತ್ತಾನೆ, ನಿಂತಲ್ಲಿ ನಿಂತು ಅಂಕಿ ಹೇಳುತ್ತಾನೆ. ನಾನು ಕಾಗದ ಬರೆದು ಮಿಲಾನಿಗೆ ಹಾಕುತ್ತೇನೆ. ಹನ್ನೊಂದು. ಹದಿನಾಲ್ಕು. ಹದಿಮೂರು. ದಾರಿಯಲ್ಲಿ ಯಾರಾದರೂ “ಹೆಂಗದೀರಿ ಲಸ್ಕರ್ ಮಾವ?” ಎಂದರೆ, “ಹದಿಮೂರು” ಎನ್ನುತ್ತಾನೆ. ಇಟಲಿಗೆ ಹೋಗಿ ಬಂದು ತಲೆ ಕೆಟ್ಟಿದೆ ಎಂದು ಊರವರು ತಿಳಿದಿದ್ದಾರೆ.

ಕಳೆದ ಮಳೆಗಾಲದ ಒಂದು ತಿಂಗಳು ಅವನಿಗೆ ಮಂಚದಿಂದ ಏಳಲಾಗಲಿಲ್ಲ. ಕಾಲು ಊದಿದ್ದವು. ಕಾಗದದಲ್ಲಿ ಏನು ಬರೆಯುವುದೆಂದು ನನಗೆ ತಿಳಿಯದೆ ಆರಾಮ ಎಂದು ಆರಂಭಿಸಿದ್ದೆ. ಮಾವ ಕಾಗದ ಕಸಿದುಕೊಂಡು, “ಸೊನ್ನಿ ಬರಿ” ಎಂದ. ಸೊನ್ನೆ ಬರೆದೆ. ಮೂರು ವಾರಕ್ಕೆ ಲೂಚಿಯಾಳಿಂದ ಉತ್ತರ ಬಂತು. ಮೇಲೆ ದೊಡ್ಡ ಅಕ್ಷರದಲ್ಲಿ ಮೆಮೋ, ಮಟ್ಟ ಯಾಕೆ ಇಳಿಯಿತು ಎಂದು. ಕೆಳಗೆ ಯಾವ ಗುಳಿಗೆ ಬದಲಿಸಬೇಕು, ಎಷ್ಟು ಕೊಡಬೇಕು ಎಂಬುದು. ನಮ್ಮ ಡಾಕ್ಟರರು ಅದನ್ನು ನೋಡಿ ಅದರಂತೆ ಕೊಟ್ಟರು.

ಮೊನ್ನೆ ಮಾವ ಮತ್ತೆ ಗುಡ್ಡದ ಬುಡಕ್ಕೆ ಬಂದ. ನನ್ನ ಹೆಗಲು ಹಿಡಿಯದೆ ಹತ್ತಿದ. ನಾಲ್ಕನೆಯ ಮೆಟ್ಟಿಲ ಮೇಲೆ ಕೂತು, ಪೆನ್ಸಿಲನ್ನು ನನ್ನ ಕೈಗೆ ಕೊಟ್ಟು, “ನಾಕು” ಎಂದ. ಸೊನ್ನೆಯಿಂದ ನಾಲ್ಕಕ್ಕೆ ಬಂದದ್ದಕ್ಕೆ ನನಗೆ ಎಷ್ಟು ಸಂತೋಷವಾಯಿತೆಂದರೆ, ಲೂಚಿಯಾಳಿಗೂ ಇನ್ನೊಂದಿಷ್ಟು ಸಂತೋಷ ಆಗಲಿ ಎನ್ನಿಸಿತು.

“ಐದು ಅಂತ ಬರೀಲಾ ಮಾವ? ಒಂದು ಮೆಟ್ಟಿಲು. ಯಾರು ನೋಡಾಕ ಬರ್ತಾರ?”

ಮಾವ ಮೀಸೆ ತಿರುವಿದ. ಗುಡ್ಡದ ಕೆಳಗೆ ದೂರದಲ್ಲಿ ಕಾಣುವ ಗದ್ದೆಗಳ ಕಡೆ ನೋಡಿದ.

“ನಾನೂ ಹಂಗಽ ಅಂದಿದ್ದೆ ಆವಾಗ, ಯಾರು ನೋಡಾಕ ಬರ್ತಾರ ಅಂತ. ಗಪ್ಪನ ನಾಕು ಬರಿ ಅಳಿಯಾ.”

ನಾಲ್ಕು ಎಂದು ಬರೆದೆ.